ಪಾಲಕರ ಕೋರಿಕೆಯ ಮೇರೆಗೆ

ಜೂನ್ ಮೊದಲ ವಾರ ತಿಕೋಟಾ ಹತ್ತಿರದ ಒಂದು ಸಣ್ಣ ಹೈಸ್ಕೂಲಿನ ಹೆಡ್‌ಮಾಸ್ತರರು ನನ್ನ ಕೋಣೆಗೆ ಬಂದು, ಚಹಾ ಬೇಡವೆಂದು, ಶಿಕ್ಷಣ ಇಲಾಖೆಯ ಒಂದು ನೋಟಿಸನ್ನು ಮೇಜಿನ ಮೇಲಿಟ್ಟರು. ಹತ್ತನೇ ತರಗತಿಯ ಫಲಿತಾಂಶದ ಆಧಾರದ ಮೇಲೆ ಅವರ ಶಾಲೆಗೆ ಸತತ ಮೂರನೇ ವರ್ಷವೂ ‘ಸಿ’ ಶ್ರೇಣಿ ಬಂದಿತ್ತು. ಶಿಕ್ಷಕರ ಸಂಬಳಕ್ಕೆ ಸರ್ಕಾರ ಕೊಡುವ ಅನುದಾನವನ್ನು ಏಕೆ ತಡೆಹಿಡಿಯಬಾರದು ಎಂಬುದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕಿತ್ತು. ಆಮೇಲೆ ವಿಚಾರಣೆ.

ನಾನು ಅಥಣಿ ರಸ್ತೆಯ ಒಂದು ಅನುದಾನಿತ ಹೈಸ್ಕೂಲಿನ ಮುಖ್ಯಾಧ್ಯಾಪಕಿ, ಕಲಿಸುವುದು ಗಣಿತ. ನಮ್ಮದು ‘ಎ’ ಶ್ರೇಣಿಯ ಶಾಲೆ. ನಮ್ಮ ಸಂಸ್ಥೆಯ ಕಾರ್ಯದರ್ಶಿಗಳೇ ಇಂಥ ಖಾಸಗಿ ಅನುದಾನಿತ ಶಾಲೆಗಳ ಸಂಘಕ್ಕೂ ಅಧ್ಯಕ್ಷರು. ಶ್ರೇಣಿ ಕೊಡುವ ರೀತಿ ನ್ಯಾಯವಾಗಿಲ್ಲ ಎಂದು ಸಂಘ ಬಹಳ ದಿನಗಳಿಂದ ಹೇಳುತ್ತಿತ್ತು. ಈ ನೋಟಿಸಿನ ಉತ್ತರವನ್ನೇ ಒಂದು ಗಟ್ಟಿ ಅರ್ಜಿಯನ್ನಾಗಿ ಮಾಡೋಣ, ಲೆಕ್ಕ ಹಾಕಿ ಬರೆಯಲು ಮೇಡಂ ಇದ್ದಾರೆ ಎಂದು ಸಂಘದಲ್ಲಿ ತೀರ್ಮಾನವಾಗಿತ್ತು. ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ತಿಕೋಟಾಕ್ಕೆ ಬಸ್ಸು ಹಿಡಿದೆ. ಅಲ್ಲಿಂದ ಟಂಟಂ ಆಟೋ. ಸುತ್ತ ದ್ರಾಕ್ಷಿ ತೋಟ, ನಡುನಡುವೆ ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ಡುಗಳು, ಒಂದು ಶೆಡ್ಡಿನ ಬೆನ್ನಿಗೆ ನಾಲ್ಕು ಕೋಣೆಯ ಶಾಲೆ. ಆರು ಜನ ಶಿಕ್ಷಕರು. ಅನುದಾನ ನಿಂತರೆ ಶಾಲೆ ಎಷ್ಟು ದಿನ ಉಳಿಯುತ್ತದೆ ಎಂದು ಹೆಡ್‌ಮಾಸ್ತರರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಡೆಯ ಹುಡುಗಿಯರು ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಹೈಸ್ಕೂಲಿರಲಿಲ್ಲ.

ಹೆಡ್‌ಮಾಸ್ತರರು ಕಲಿಸುವುದು ವಿಜ್ಞಾನ, ಮಾತು ಕಡಿಮೆ. ಕಪಾಟಿನಿಂದ ಒಂದು ಫೈಲು ತೆಗೆದುಕೊಟ್ಟರು. ಹೊಸದಾಗಿ ಬಂದ ಪ್ರತಿ ಮಗುವನ್ನೂ ಮೊದಲ ದಿನ ತಮ್ಮ ಮೇಜಿನ ಎದುರು ಕೂರಿಸಿಕೊಂಡು ಅವರು ಮೂರು ಕೆಲಸ ಮಾಡಿಸುತ್ತಿದ್ದರು: ಐದನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪ್ಯಾರಾ ಓದುವುದು, ಒಂದು ಭಾಗಾಕಾರ, ತನ್ನ ಹೆಸರು ಮತ್ತು ಊರನ್ನು ಇಂಗ್ಲಿಷಿನಲ್ಲಿ ಬರೆಯುವುದು. ಹಾಳೆಯ ಕೆಳಗೆ ತಾರೀಖು, ಮಗುವಿನ ಸಹಿ. ನಾಲ್ಕು ತಿಂಗಳಿಗೊಮ್ಮೆ ಅದೇ ಪರೀಕ್ಷೆ, ಸ್ವಲ್ಪ ಮೇಲಿನ ಮಟ್ಟದಲ್ಲಿ. ಹೀಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ನನಗೆ ಬೇಕಾದದ್ದು ಸಿಕ್ಕಿತು. ಉದ್ದ ಹಾಳೆಯ ಮೇಲೆ ಗೆರೆ ಎಳೆದು ಹಿಂದಿನ ವರ್ಷದ ಹತ್ತನೇ ತರಗತಿಯ ಇಪ್ಪತ್ತಾರು ಮಕ್ಕಳ ಹೆಸರು ಬರೆದುಕೊಂಡೆ. ಯಾವ ತರಗತಿಗೆ ಸೇರಿದರು, ಸೇರಿದ ದಿನ ಏನು ಬರುತ್ತಿತ್ತು, ಕೊನೆಗೆ ಎಷ್ಟು ಅಂಕ. ಎರಡು ತಾಸಿನಲ್ಲಿ ಚಿತ್ರ ಸ್ಪಷ್ಟವಾಯಿತು. ಎಂಟನೇ ತರಗತಿಯಿಂದಲೇ ಅಲ್ಲಿ ಓದಿದವರಲ್ಲಿ ಹೆಚ್ಚಿನವರು ಪಾಸಾಗಿದ್ದರು. ನಪಾಸಾದ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ಒಂಬತ್ತನೇ ತರಗತಿಗೆ ಬೇರೆ ಕಡೆಯಿಂದ ಬಂದವರು. ಬಂದ ದಿನ ಅವರಲ್ಲಿ ಹಲವರಿಗೆ ಕಳೆಯುವ ಲೆಕ್ಕವೂ ಬರುತ್ತಿರಲಿಲ್ಲ. ನಪಾಸಾದರೂ ಎರಡು ವರ್ಷದಲ್ಲಿ ಬಹಳ ದೂರ ಬಂದಿದ್ದರು. ಆದರೆ ಶ್ರೇಣಿ ಪಟ್ಟಿಯಲ್ಲಿ ಆ ದೂರಕ್ಕೆ ಕಾಲಮ್ಮಿಲ್ಲ. ಅಲ್ಲಿರುವುದು ಪಾಸು ಅಥವಾ ನಪಾಸು.

ಈ ಹನ್ನೊಂದು ಮಂದಿ ಎಲ್ಲಿಂದ ಬಂದರು ಎಂದು ಬರೆದುಬಿಟ್ಟರೆ ಅರ್ಜಿ ಪೂರ್ತಿಯಾಗುತ್ತದೆ ಎಂದುಕೊಂಡು ದಾಖಲಾತಿ ರಿಜಿಸ್ಟರ್ ತೆಗೆದೆ. ಹಿಂದಿನ ಶಾಲೆಯ ಕಾಲಮ್ಮಿನಲ್ಲಿ ಬಬಲೇಶ್ವರದ ಒಂದು ಹೈಸ್ಕೂಲು ಮೂರು ಸಲ ಬಂತು. ಬೇರೆ ಬೇರೆ ಊರಿನ ಶಾಲೆಗಳು ಮೂರು. ಉಳಿದ ಐದೂ ಸಾಲುಗಳಲ್ಲಿ ನಮ್ಮ ಶಾಲೆಯ ಹೆಸರಿತ್ತು.

ಟಿ.ಸಿ.ಗಳನ್ನು ತರಿಸಿ ನೋಡಿದೆ. ಶಾಲೆ ಬಿಡಲು ಕಾರಣ ಎಂಬಲ್ಲಿ ಐದರಲ್ಲೂ ಒಂದೇ ಮಾತು: ಪಾಲಕರ ಕೋರಿಕೆಯ ಮೇರೆಗೆ. ಕೆಳಗೆ ನನ್ನ ಸಹಿ.

ಹೆಡ್‌ಮಾಸ್ತರರು ಎದುರಿಗೇ ಕೂತಿದ್ದರು. ನಿಮಗೆ ಇದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

‘ಗೊತ್ತಿತ್ರಿ ಮೇಡಂ,’ ಎಂದರು. ‘ಅದಕ್ಕ ಸಂಘದಾಗ ನಿಮ್ಮ ಹೆಸರು ನಾನ ಹೇಳಿದೆ. ನೀವು ಕಣ್ಣಾರೆ ನೋಡಿದ್ರ ಬರೀತೀರಿ ಅನಸ್ತು.’

ಹೊರಗೆ ಬಂದರೆ ಪಡಸಾಲೆಯಲ್ಲಿ ನಾಲ್ಕು ಮಕ್ಕಳು ಪೂರಕ ಪರೀಕ್ಷೆಗೆ ಓದುತ್ತಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ಕಂಡು ಎದ್ದು ನಿಂತಳು. ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅಥಣಿ ರಸ್ತೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವ ಗೌಂಡಿಯೊಬ್ಬರ ಮಗಳು. ನಮ್ಮಲ್ಲಿ ಟಿ.ಸಿ. ಕೊಟ್ಟ ಮೇಲೆ ತಾಯಿ ಇವಳನ್ನು ಕರೆದುಕೊಂಡು ಇಲ್ಲಿ ಅಜ್ಜಿಯ ಮನೆಗೆ ಬಂದಿದ್ದಳಂತೆ. ತಂದೆ ಕೆಲಸಕ್ಕೆಂದು ಅಲ್ಲೇ ಉಳಿದಿದ್ದರು. ಹೇಗಿದ್ದೀ ಎಂದು ಕೇಳಿದೆ.

‘ಆರಾಮ ಅದೀನ್ರಿ ಅಕ್ಕಾರ. ಗಣಿತ ಒಂದ ಉಳದೈತ್ರಿ. ಈ ಸಲ ಆಗ್ತೈತಿ.’

ದನಿಯಲ್ಲಿ ತನ್ನ ಹಳೆಯ ಟೀಚರ್ ಮೇಲೆ ಯಾವ ದೂರೂ ಇರಲಿಲ್ಲ. ಅವಳ ಮೊದಲ ದಿನದ ಹಾಳೆಯನ್ನು ನಾನು ಆಗಲೇ ಒಳಗೆ ನೋಡಿದ್ದೆ. ಭಾಗಾಕಾರದ ಜಾಗ ಖಾಲಿ ಇತ್ತು. ಅದಕ್ಕಿಂತ ಮೊದಲಿನ ಇಡೀ ವರ್ಷ ಆಕೆ ಗಣಿತ ಕಲಿತದ್ದು ನನ್ನ ತರಗತಿಯಲ್ಲಿ.

ಬಸ್ಸಿನಲ್ಲಿ ಮರಳುವಾಗ ಆ ಪಾಲಕರನ್ನು ಒಬ್ಬೊಬ್ಬರನ್ನಾಗಿ ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಎಂಟನೇ ತರಗತಿಯ ಹಿಂದುಳಿದ ಮಕ್ಕಳ ಪಟ್ಟಿ ಮಾಡುತ್ತಿದ್ದೆವು. ಅವರ ತಂದೆ ತಾಯಿಯನ್ನು ಕರೆಸಿ, ನಿಮ್ಮ ಮಗುವಿಗೆ ಇಲ್ಲಿ ಭಾರವಾಗುತ್ತಿದೆ, ಹಳ್ಳಿ ಕಡೆಯ ಶಾಲೆಗೆ ಹಾಕಿದರೆ ಹಗುರವಾಗುತ್ತದೆ ಎಂದು ನಾನೇ ಹೇಳುತ್ತಿದ್ದೆ. ಮೆತ್ತಗಿನ ದನಿಯಲ್ಲಿ, ನೀರು ಕೊಟ್ಟು ಹೇಳುತ್ತಿದ್ದೆ. ಹೆಚ್ಚಿನವರು ‘ಅಕ್ಕಾರು ಹೇಳಿದ ಮ್ಯಾಗ ಆತು’ ಎಂದು ಎದ್ದು ಹೋಗುತ್ತಿದ್ದರು. ಅದನ್ನು ನಾನು ಸಲಹೆ ಎಂದೇ ತಿಳಿದಿದ್ದೆ. ಹೀಗೆ ಹೋದ ಮಕ್ಕಳು ಯಾವ ಶಾಲೆಯ ಫಲಿತಾಂಶದಲ್ಲಿ ಎಣಿಕೆಯಾಗುತ್ತಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಗಣಿತದವಳಿಗೆ ಅದು ಹೊಳೆಯದೆ ಇರುತ್ತದೆಯೇ?

ಸೋಮವಾರ ನಮ್ಮ ಗುಮಾಸ್ತರಿಂದ ಹಳೆಯ ಟಿ.ಸಿ.ಗಳ ಕಚೇರಿ ಪ್ರತಿ ಮತ್ತು ಪಾಲಕರ ಅರ್ಜಿಗಳನ್ನು ತೆಗೆಸಿದೆ. ಐದೂ ಅರ್ಜಿ ಒಂದೇ ಕೈಬರಹದಲ್ಲಿದ್ದವು. ಗುಮಾಸ್ತರದೇ ಕೈಬರಹ. ಕೆಳಗೆ ಮೂರು ಸಹಿ, ಎರಡು ಹೆಬ್ಬೆಟ್ಟು. ಇದೇನು ಎಂಬಂತೆ ಅವರ ಮುಖ ನೋಡಿದೆ. ಪಾಲಕರಿಗೆ ಬರೆಯಲು ಬರುವುದಿಲ್ಲ, ನೀವೇ ಬರೆದು ಸಹಿ ಹಾಕಿಸಿ ಎಂದು ತಾವೇ ಹೇಳಿದ್ದಿರಿ ಎಂದರು. ಹೇಳಿದ್ದೆ.

ಮರುದಿನ ರಜೆ ಹಾಕಿ ಬಬಲೇಶ್ವರಕ್ಕೆ ಹೋದೆ. ನಾವೊಬ್ಬರೇ ಅಲ್ಲ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದು ತೋರಿಸಿದರೆ ನನ್ನ ತಪ್ಪಿನ ತೂಕ ಇಳಿಯುತ್ತದೆ ಎಂಬ ಆಸೆ ಒಳಗೆ ಇತ್ತು. ಅಲ್ಲಿಯ ಹೆಡ್‌ಮಾಸ್ತರರು ಉತ್ತರಪತ್ರಿಕೆ ತಿದ್ದುವ ಕೇಂದ್ರದಲ್ಲಿ ವರ್ಷಾವರ್ಷ ಭೇಟಿಯಾಗುವ ಪರಿಚಿತರು. ಚಹಾ ತರಿಸಿದರು, ಮನೆಯವರ ಯೋಗಕ್ಷೇಮ ವಿಚಾರಿಸಿದರು. ಆ ಮೂರು ಮಕ್ಕಳ ಟಿ.ಸಿ. ಅರ್ಜಿಗಳನ್ನು ನೋಡಬಹುದೇ ಎಂದು ಕೇಳಿದಾಗ ಕಪ್ಪು ಕೆಳಗಿಟ್ಟರು.

‘ಮೊದಲ ನಿಮ್ಮ ಸಾಲೀವು ತೋರಸ್ರಿ ಮೇಡಂ. ಆಮ್ಯಾಲೆ ನಾನೂ ತೋರಸ್ತೀನಿ.’

ನಾನು ಎದ್ದು ಬಂದೆ.

ವಾರದ ಕೊನೆಗೆ ಕರಡು ಸಿದ್ಧವಾಯಿತು. ಮೊದಲ ಮೂರು ಪುಟಗಳಲ್ಲಿ ಮಕ್ಕಳ ಮೊದಲ ದಿನದ ಮಟ್ಟ, ಕೊನೆಯ ಮಟ್ಟ ಮತ್ತು ನಮ್ಮ ಬೇಡಿಕೆಗಳು: ಒಂಬತ್ತನೇ ತರಗತಿಗೆ ಅಥವಾ ಅದರ ಆಚೆ ಸೇರಿದ ಮಕ್ಕಳ ಫಲಿತಾಂಶವನ್ನು ಅವರು ಎಂಟನೇ ತರಗತಿ ಓದಿದ ಶಾಲೆಯ ಲೆಕ್ಕಕ್ಕೆ ಹಿಡಿಯಬೇಕು, ಮಗು ಎಲ್ಲಿಂದ ಎಲ್ಲಿಗೆ ಬಂತು ಎಂಬುದಕ್ಕೂ ಶ್ರೇಣಿಯಲ್ಲಿ ಜಾಗವಿರಬೇಕು. ನಾಲ್ಕನೇ ಪುಟದಲ್ಲಿ ಕಳಿಸಿದ ಶಾಲೆಗಳ ಹೆಸರು. ಮೊದಲ ಹೆಸರು ನಮ್ಮದು.

ಕಾರ್ಯದರ್ಶಿಗಳು ಕರಡನ್ನು ಎರಡು ಸಲ ಓದಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಬಾಡಿಗೆಯ ಎರಡು ಕೋಣೆಯಲ್ಲಿ ಶುರುವಾದ ಶಾಲೆಯನ್ನು ಇಲ್ಲಿಯ ತನಕ ತಂದವರು. ನಾಲ್ಕನೇ ಪುಟವನ್ನು ಬೇರೆ ಮಾಡಿ ನನ್ನ ಕಡೆ ಸರಿಸಿದರು.

‘ಈ ಪುಟ ಬ್ಯಾಡ್ರಿ. ಮಂದಿ ನಮ್ಮ ಸಾಲಿ ಎ ಅದ ಅಂತ ಮಕ್ಕಳನ್ನ ತಂದು ಹಾಕ್ತಾರ. ಎ ಹೋತಂದ್ರ ಎಂಟನೇತ್ತಾದು ಒಂದು ವಿಭಾಗ ಹೋಗ್ತದ. ವಿಭಾಗ ಹೋದ್ರ ಯಾರ ನೌಕರಿ ಹೋಗ್ತದ ಅನ್ನೂದು ನಿಮಗ ಗೊತ್ತದ.’

ಗೊತ್ತಿತ್ತು. ಸಂಸ್ಥೆಯೇ ಸಂಬಳ ಕೊಡುತ್ತಿದ್ದ ಹಿಂದಿ ಶಿಕ್ಷಕಿ, ಸೇರಿ ಎರಡು ವರ್ಷವಾಗಿದ್ದವಳು. ಉಳಿದ ಮೂರು ಪುಟಗಳೇ ಸಾಕಷ್ಟು ಬಲವಾಗಿವೆ, ಆ ಶಾಲೆ ಉಳಿಯುತ್ತದೆ ಎಂದು ಅವರು ಹೇಳಿದರು. ನಾನೂ ಹಾಗೆಂದು ನಂಬಲು ಒಪ್ಪಿಕೊಂಡೆ. ಪುಟ ತೆಗೆದೆ. ಮೂರು ಪುಟದ ವಿವರಣೆ ಕಚೇರಿಗೆ ಹೋಯಿತು. ಒಂದು ಪ್ರತಿಯನ್ನು ತಿಕೋಟಾಕ್ಕೂ ಕಳಿಸಿದೆ. ಹೆಡ್‌ಮಾಸ್ತರರು ಫೋನು ಮಾಡಿ, ‘ಮುಟ್ಟೇತ್ರಿ,’ ಎಂದಷ್ಟೇ ಹೇಳಿ ಇಟ್ಟರು.

ವಿಚಾರಣೆ ನಮ್ಮ ಊರಲ್ಲೇ, ಇಲಾಖೆಯ ಕಚೇರಿಯಲ್ಲಿ, ಒಂದು ಮಂಗಳವಾರ ಹನ್ನೊಂದು ಗಂಟೆಗೆ. ಬೆಳಿಗ್ಗೆ ಮನೆ ಬಿಡುವಾಗ ಆ ನಾಲ್ಕನೇ ಪುಟವನ್ನೂ ಐದು ಅರ್ಜಿಗಳ ಜೆರಾಕ್ಸನ್ನೂ ಚೀಲದಲ್ಲಿ ಇಟ್ಟುಕೊಂಡೆ. ತೆಗೆಯುತ್ತೇನೆ ಎಂದು ನಿರ್ಧರಿಸಿ ಇಟ್ಟುಕೊಂಡದ್ದಲ್ಲ. ಮನೆಯಲ್ಲಿ ಬಿಟ್ಟುಹೋಗಲು ಆಗಲಿಲ್ಲ, ಅಷ್ಟೇ.

ಅಧಿಕಾರಿಗಳು ವಿವರಣೆಯನ್ನು ಓದಿಕೊಂಡು ಬಂದಿದ್ದರು. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಮೊದಲ ದಿನದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಒಳ್ಳೆಯ ಕೆಲಸ ಎಂದು ಹೆಡ್‌ಮಾಸ್ತರರಿಗೆ ಹೇಳಿದರು. ಆಮೇಲೆ ಅವರು ಟಿ.ಸಿ.ಗಳ ಕಟ್ಟನ್ನು ಮುಂದಕ್ಕೆ ಎಳೆದುಕೊಂಡರು.

ಮಕ್ಕಳು ಹಿಂದುಳಿದವರು ಎಂದು ನೋಟಿಸು ಪಡೆದ ಪ್ರತಿ ಶಾಲೆಯೂ ಹೇಳುತ್ತದೆ ಎಂದರು. ಈ ಹನ್ನೊಂದು ಟಿ.ಸಿ.ಗಳಲ್ಲೂ ಪಾಲಕರೇ ಕೇಳಿ ಶಾಲೆ ಬಿಡಿಸಿದ್ದಾರೆ ಎಂದಿದೆ. ಪಾಲಕರು ತಾವಾಗಿ ಒಂದು ಶಾಲೆಯನ್ನು ಆರಿಸಿಕೊಂಡ ಮೇಲೆ ಆ ಮಗುವಿನ ಹೊಣೆ ಆ ಶಾಲೆಯದೇ. ಇದರಲ್ಲಿ ಅನ್ಯಾಯವೇನಿದೆ? ಪಾಲಕರು ತಾವಾಗಿ ಬಂದವರಲ್ಲ ಎಂದರು ಹೆಡ್‌ಮಾಸ್ತರರು. ಅಧಿಕಾರಿಗಳು ತಲೆ ಎತ್ತಿದರು.

‘ಹಂಗಾರ ಯಾರರೆ ಕಳಿಸ್ಯಾರ ಅಂತ ಆತು. ನನ್ನ ಮುಂದ ಇರೂದು ದಾಖಲೆ. ದಾಖಲೆ ಸುಳ್ಳ ಅಂತ ಹೇಳವ್ರು ಯಾರದಾರ?’

ಹೆಡ್‌ಮಾಸ್ತರರು ಫೈಲನ್ನು ನೋಡುತ್ತ ಕೂತರು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಬಹುಶಃ ಏಳುತ್ತಿರಲಿಲ್ಲ. ಒತ್ತಾಯ ಮಾಡುತ್ತಿದ್ದಾರೆ ಎಂದುಕೊಂಡು ಕೂತೇ ಇರಲು ನೆವ ಸಿಗುತ್ತಿತ್ತು. ಪಕ್ಕದಲ್ಲಿ ಕಾರ್ಯದರ್ಶಿಗಳು ಕೈಗಡಿಯಾರದ ಪಟ್ಟಿಯನ್ನು ಸಡಿಲ ಮಾಡಿ ಮತ್ತೆ ಬಿಗಿ ಮಾಡಿದರು. ಬರೆದುಕೊಳ್ಳುತ್ತಿದ್ದ ಕಚೇರಿಯ ಗುಮಾಸ್ತೆ ಮುಂದಿನ ಸಾಲಿಗೆ ಪೆನ್ನು ಇಟ್ಟು ಕಾಯುತ್ತಿದ್ದಳು. ಇನ್ನೊಂದು ನಿಮಿಷ ಸುಮ್ಮನಿದ್ದರೆ ‘ವಿವರಣೆ ಸಮರ್ಪಕವಾಗಿಲ್ಲ’ ಎಂದು ಆ ಸಾಲಿನಲ್ಲಿ ಬರುತ್ತಿತ್ತು. ಆ ಐದು ಸಹಿಗಳೇ ಆ ಶಾಲೆಯ ವಿರುದ್ಧದ ಪುರಾವೆಯಾಗಿದ್ದವು. ಅವನ್ನು ಅಲ್ಲಗಳೆಯಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು.

ನಾನು ಎದ್ದು ನಿಂತೆ.

‘ನಾ ಹೇಳ್ತೀನ್ರಿ ಸರ್. ಇದರಾಗ ಐದು ಟಿ.ಸಿ. ನನ್ನ ಸಹೀವು. ಯಾವ ಪಾಲಕರೂ ಬಂದು ಕೇಳಿರಲಿಲ್ಲ. ನಾನ ಕರಸಿ ಒಯ್ರಿ ಅಂತ ಹೇಳಿದೆ. ಅರ್ಜೀನೂ ನಾನ ಬರಸಿ ಸಹಿ ತಗೊಂಡೆ.’

ಜೆರಾಕ್ಸುಗಳನ್ನು ಮೇಜಿನ ಮೇಲಿಟ್ಟೆ. ಅಧಿಕಾರಿಗಳು ಐದನ್ನೂ ಪಕ್ಕಪಕ್ಕ ಜೋಡಿಸಿ ಕೈಬರಹ ನೋಡಿದರು. ನಂತರ ಪೆನ್ಸಿಲ್ ಕೆಳಗಿಟ್ಟರು.

‘ಇದನ್ನ ಬರದು ಕೊಡ್ತೀರೇನು? ಬರದು ಕೊಟ್ರ ನಿಮ್ಮ ಮ್ಯಾಲ ಕ್ರಮ ಆಗ್ತದ. ವಿಚಾರ ಮಾಡಿ ಹೇಳ್ರಿ.’

ಕಾಗದ ಕೇಳಿದೆ. ಅಲ್ಲೇ ಕೂತು ಬರೆದೆ. ಹನ್ನೆರಡು ಸಾಲು. ಗುಮಾಸ್ತರ ಹೆಸರು ಎಲ್ಲೂ ಬರದಂತೆ ನೋಡಿಕೊಂಡೆ.

ಹೊರಗೆ ಬಂದಾಗ ಕಾರ್ಯದರ್ಶಿಗಳ ಕಾರು ಹೋಗಿತ್ತು. ಹೆಡ್‌ಮಾಸ್ತರರು ಗೇಟಿನ ಹತ್ತಿರ ನಿಂತಿದ್ದರು. ಅವರು ಬಸ್ ನಿಲ್ದಾಣದ ಕಡೆ ಹೋದರು. ನಾನು ಬಿಸಿಲಲ್ಲೇ ಗೋಳಗುಮ್ಮಟದ ತನಕ ನಡೆದು ಅಲ್ಲಿ ಆಟೋ ಹತ್ತಿದೆ. ಮಧ್ಯಾಹ್ನ ಹತ್ತನೇ ತರಗತಿಗೆ ಸಮಾಂತರ ಶ್ರೇಢಿ ಪಾಠವಿತ್ತು. ಮಾಡಿದೆ.

ಮುಂದಿನ ಏಳು ವಾರ ಇಡೀ ನೌಕರಿಯಲ್ಲೇ ಉದ್ದವಾದ ಏಳು ವಾರ. ನನಗೆ ಕಾರಣ ಕೇಳುವ ನೋಟಿಸು ಬಂತು, ಉತ್ತರ ಬರೆದೆ. ಕಾರ್ಯದರ್ಶಿಗಳು ಶಾಲೆಗೆ ಬರುವುದನ್ನು ನಿಲ್ಲಿಸಿದರು, ಹೇಳುವುದೇನಿದ್ದರೂ ಚೀಟಿಯಲ್ಲಿ ಬರುತ್ತಿತ್ತು. ಸಂಘದ ಕೆಲವು ಮುಖ್ಯಾಧ್ಯಾಪಕರು ಫೋನು ಮಾಡಿ, ನೀವು ಒಳ್ಳೆಯವರಾಗಲು ನಮ್ಮನ್ನೆಲ್ಲ ಸಿಕ್ಕಿಸಿದಿರಿ ಎಂದರು. ಹಿಂದಿ ಶಿಕ್ಷಕಿ ಒಂದು ಸಂಜೆ ಬಾಗಿಲಲ್ಲಿ ನಿಂತು, ತಾನು ಬೇರೆ ಕಡೆ ಅರ್ಜಿ ಹಾಕಬೇಕೇ ಎಂದು ಕೇಳಿದಳು. ಹಾಕಿಡು ಎಂದೆ. ಆಕೆಗೆ ಹೇಳಿದ ಆ ಒಂದು ಮಾತು ನಾನು ಬರೆದುಕೊಟ್ಟ ಹನ್ನೆರಡು ಸಾಲಿಗಿಂತ ಕಷ್ಟವಾಯಿತು.

ಇದರ ನಡುವೆ ಬಬಲೇಶ್ವರದಿಂದ ಒಂದು ಲಕೋಟೆ ಬಂತು. ಒಳಗೆ ಮೂರು ಅರ್ಜಿಗಳ ಜೆರಾಕ್ಸು, ಮೂರೂ ಒಂದೇ ಕೈಬರಹ. ಪತ್ರವಿರಲಿಲ್ಲ. ಕಳಿಸಿದವರು ಯಾರು ಎಂದು ಕಚೇರಿಯವರು ಕೇಳಿದರೆ ಏನು ಹೇಳುವುದು ಎಂದು ಫೋನು ಮಾಡಿದೆ. ನನ್ನ ಹೆಸರನ್ನೇ ಹೇಳಿ ಎಂದರು ಅಲ್ಲಿಯ ಹೆಡ್‌ಮಾಸ್ತರರು. ಅದನ್ನೂ ಕಚೇರಿಗೆ ಕೊಟ್ಟೆ.

ಆಗಸ್ಟಿನಲ್ಲಿ ಆದೇಶ ಬಂತು. ತಿಕೋಟಾ ಶಾಲೆಯ ಮೇಲಿನ ಕ್ರಮವನ್ನು ಒಂದು ವರ್ಷದ ಮಟ್ಟಿಗೆ ಕೈಬಿಟ್ಟಿದ್ದರು. ಬಲವಂತದಿಂದ ಬಂದವರೆಂದು ರುಜುವಾತಾದ ಎಂಟು ಮಕ್ಕಳನ್ನು ಕಳಿಸಿದ ಶಾಲೆಗಳ ಲೆಕ್ಕಕ್ಕೆ ಸೇರಿಸಿ ಮತ್ತೆ ಎಣಿಸಿದಾಗ ತಿಕೋಟಾ ಶಾಲೆಗೆ ‘ಬಿ’ ಬಂತು. ನಮ್ಮದು ‘ಎ’ಯಿಂದ ‘ಬಿ’ಗೆ ಇಳಿಯಿತು. ನನಗೆ ಒಂದು ವರ್ಷದ ವೇತನ ಬಡ್ತಿ ತಡೆ, ಜೊತೆಗೆ ಎಚ್ಚರಿಕೆ. ಎಲ್ಲ ಶಾಲೆಗಳಿಗೂ ಇದೇ ರೀತಿ ಎಣಿಸಬೇಕೆಂಬ ನಮ್ಮ ಬೇಡಿಕೆಯನ್ನು ಶಿಫಾರಸು ಮಾಡಿ ಮೇಲಕ್ಕೆ ಕಳಿಸಿದ್ದರು. ಇದನ್ನು ಬರೆಯುವ ತನಕ ಅದಕ್ಕೆ ಉತ್ತರ ಬಂದಿಲ್ಲ. ನೆನಪೋಲೆ ಕಳಿಸುತ್ತಲೇ ಇದ್ದೇವೆ. ಗೌಂಡಿಯ ಮಗಳು ಪೂರಕ ಪರೀಕ್ಷೆಯಲ್ಲಿ ಗಣಿತ ಪಾಸಾದಳು. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಶ್ರೇಣಿ ಇಳಿದದ್ದನ್ನು ಪಾಲಕರಿಗೆ ನೀವೇ ಹೇಳಬೇಕು ಎಂದು ಕಾರ್ಯದರ್ಶಿಗಳು ಚೀಟಿ ಕಳಿಸಿದರು. ಮುಂದಿನ ಶನಿವಾರ ಸಭೆ ಕರೆದೆವು. ಅವರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತರು, ಎರಡು ತಿಂಗಳ ಮೇಲೆ ಮೊದಲ ಸಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಹಾಗಾದರೆ ಪಾಠದ ಗುಣಮಟ್ಟ ಇಳಿದಿಲ್ಲ ತಾನೇ ಎಂದು ಕೇಳಿದರು. ಇಳಿದಿಲ್ಲ ಎಂದೆ. ಮತ್ತೊಬ್ಬರು ಮುಂದಿನ ವರ್ಷ ‘ಎ’ ಮರಳಿ ಬರುತ್ತದೆಯೇ ಎಂದರು. ಮಾತು ಕೊಡಲಾರೆ ಎಂದಾಗ ಕೆಲವರು ಪಿಸುಗುಟ್ಟಿದರು; ಇಬ್ಬರು ಎದ್ದು ಹೋದರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮಾರುಕಟ್ಟೆಯಲ್ಲಿ ಚೀಲ ಹೊರುವವರು, ಹೆಗಲ ಮೇಲೆ ಇನ್ನೂ ಟವೆಲು ಇತ್ತು. ಮಗಳು ನಮ್ಮ ಎಂಟನೇ ತರಗತಿಯಲ್ಲಿದ್ದಾಳೆ ಎಂದರು.

‘ಅಕ್ಕಾರ, ನನ್ನ ಮಗಳು ಓದೂದ್ರಾಗ ಹಿಂದ ಅದಾಳ. ನಿಮ್ಮ ಎ, ಬಿ ನನಗ ತಿಳಿಯೂದಿಲ್ಲ. ಹತ್ತನೇತ್ತ ಮುಗಿಯೂ ತನಕ ಆಕಿನ್ನ ಇಲ್ಲೇ ಇಟಗೋತೀರೇನು, ಅಷ್ಟ ಹೇಳ್ರಿ.’

ಇಟ್ಟುಕೊಳ್ಳುತ್ತೇವೆ ಎಂದೆ. ಅವರು ಕೂರಲಿಲ್ಲ.

‘ಬಾಯಿಲೆ ಬ್ಯಾಡ್ರಿ. ಬರದು ಕೊಡ್ರಿ.’

ಸಭೆಯ ನಡಾವಳಿ ಪುಸ್ತಕ ನನ್ನ ಮುಂದೆಯೇ ಇತ್ತು. ಅವರ ಮಗಳ ಹೆಸರು ಕೇಳಿ ಬರೆದೆ, ಹತ್ತನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಕಳಿಸುವುದಿಲ್ಲ ಎಂದು. ಸಂಸ್ಥೆಯ ಸಹಿ ಇಲ್ಲದೆ ಅದಕ್ಕೆ ಬೆಲೆಯಿಲ್ಲ. ಪುಸ್ತಕವನ್ನು ಕಾರ್ಯದರ್ಶಿಗಳ ಕಡೆ ತಿರುಗಿಸಿದೆ. ಅವರು ಬಹಳ ಹೊತ್ತು ಓದಿದರು, ಒಂದೇ ಸಾಲನ್ನು. ನಂತರ ಪೆನ್ನು ತೆಗೆದು ಹುಡುಗಿಯ ಹೆಸರಿನ ಮೇಲೆ ಗೆರೆ ಎಳೆದರು. ಆ ಹೆಸರಿನ ಮೇಲ್ಗಡೆ ಅವರು ‘ಯಾವ ಮಗುವನ್ನೂ’ ಎಂದು ಬರೆದು ಸಹಿ ಮಾಡಿದರು.

ಆ ತಂದೆ ಮೇಜಿನ ತನಕ ನಡೆದು ಬಂದು, ನನಗ ಓದಾಕ ಬರೂದಿಲ್ಲ, ಎಲ್ಲಾರಿಗೂ ಕೇಳೂ ಹಂಗ ಓದ್ರಿ ಎಂದರು. ಓದಿದೆ. ಇನ್ನೊಮ್ಮೆ ಓದಿ ಎಂದರು. ಎರಡನೇ ಸಲ ಕೇಳಿದ ಮೇಲೆ ಹೋಗಿ ತಮ್ಮ ಜಾಗದಲ್ಲಿ ಕೂತರು.